ಹಳೇ ನಕ್ಷೆ ಹಿಡಿದು ಊರು ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪಕ್ಕದ ರಸ್ತೆಗೆ ಈಗಲೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು. ಕೆರೆ ಏರಿ ರಸ್ತೆ ಅಂತ ಅದರ ಅರ್ಥ. ವರ್ಷಗಟ್ಟಲೆ ಆ ಫಲಕದ ಕೆಳಗೆ ಓಡಾಡಿದರೂ ಎಲ್ಲಿಯ ಕೆರೆ, ಎಲ್ಲಿಯ ಏರಿ ಎಂದು ನಾನು ಯೋಚಿಸಿರಲಿಲ್ಲ. ಮರುಮುದ್ರಣವಾದ ಹಳೇ ನಕ್ಷೆಯೊಂದರಲ್ಲಿ ಆ ಜಾಗದಲ್ಲಿ ನೀಲಿ ಬಣ್ಣ ಕಂಡ ದಿನದಿಂದ ನಕ್ಷೆ ಹಿಡಿದು ನಡೆಯುವ ಅಭ್ಯಾಸ ಶುರುವಾಯಿತು. ಜೊತೆಗೆ ನಡೆದವರು, ನಕ್ಷೆ ನೋಡಲು ಮನೆಗೆ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಮೂಲ ನಕ್ಷೆ ಬಿಟ್ಟು ಮರುಮುದ್ರಣ ಯಾಕೆ?

ಮೂಲ ನಕ್ಷೆಯನ್ನು ಬಿಸಿಲಿಗೆ ಒಯ್ಯುವಂತಿಲ್ಲ, ಮಡಿಸುವಂತಿಲ್ಲ, ಅದರ ಮೇಲೆ ಪೆನ್ಸಿಲ್ ಇಡುವಂತಿಲ್ಲ. ಮರುಮುದ್ರಣದ ಹಾಳೆಯಲ್ಲಿ ಇವನ್ನೆಲ್ಲ ಮಾಡಬಹುದು. ಚಹಾ ಅಂಗಡಿಯ ಬೆಂಚಿನ ಮೇಲೆ ಹರಡಿದರೆ ನಾಲ್ಕು ಜನ ಸುತ್ತ ನೆರೆಯುತ್ತಾರೆ. "ನಮ್ಮ ತಾತ ಹೇಳ್ತಿದ್ದ ಬಾವಿ ಇಲ್ಲೇ ಇತ್ತಲ್ಲ" ಎಂದು ಒಬ್ಬರು ಬೆರಳಿಟ್ಟರೆ ಸಾಕು, ಪತ್ರಾಗಾರದಲ್ಲಿ ಸಿಗದ ಮಾತು ಅಲ್ಲಿ ಹೊರಡುತ್ತದೆ. ಮೂಲ ಪ್ರತಿಯಿಂದ ಆ ಕೆಲಸ ಆಗದು.

ಯಾವ ನಕ್ಷೆಯಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಎಷ್ಟು ದೊಡ್ಡದು ಎಂಬುದರ ಮೇಲೆ ಹೋಗುತ್ತದೆ. ಒಂದು ಹಳ್ಳಿಯ ಹೊಲ, ಕಾಲುವೆ, ತೋಪುಗಳನ್ನು ತಿಳಿಯಬೇಕಾದರೆ ಕಂದಾಯದ ಗ್ರಾಮ ನಕ್ಷೆ. ಸುತ್ತಲ ಇಪ್ಪತ್ತು ಮೂವತ್ತು ಹಳ್ಳಿಗಳ ನಡುವಿನ ದಾರಿ, ಗುಡ್ಡ, ಕೆರೆಗಳ ಸಾಲು ನೋಡಬೇಕಾದರೆ ಸರ್ವೆ ಆಫ್ ಇಂಡಿಯಾದ ಹಳೆಯ ಇಂಚು ನಕ್ಷೆ, ಅಂದರೆ ಒಂದು ಮೈಲಿಯನ್ನು ಒಂದು ಇಂಚಿಗೆ ಇಳಿಸಿದ ಸ್ಥಲಾಕೃತಿ ನಕ್ಷೆ. ಬೆಂಗಳೂರು, ಶ್ರೀರಂಗಪಟ್ಟಣದಂಥ ಊರಾದರೆ ಮುತ್ತಿಗೆಯ ಕಾಲದ ಸೇನಾ ನಕ್ಷೆಗಳೂ ಇವೆ.

ಇಡೀ ಹಿಂದೂಸ್ತಾನವನ್ನು ಒಂದೇ ಹಾಳೆಯಲ್ಲಿ ತೋರಿಸುವ ಹದಿನೆಂಟನೇ ಶತಮಾನದ ಅಂದದ ನಕ್ಷೆಗಳು ಗೋಡೆಗೆ ಚೆನ್ನ. ನಿಮ್ಮೂರ ಚರಿತ್ರೆಗೆ ಅವುಗಳಿಂದ ಸಿಗುವುದು ಬಹಳ ಕಡಿಮೆ. ಮೊದಲ ದುಡ್ಡನ್ನು ಇಂಚು ನಕ್ಷೆಗೆ ಹಾಕಿ.

ನಮ್ಮೂರು ಯಾವ ಹಾಳೆಯಲ್ಲಿದೆ ಎಂದು ಹುಡುಕುವುದು ಹೇಗೆ?

ಸರ್ವೆ ಆಫ್ ಇಂಡಿಯಾ ದೇಶವನ್ನು 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ಭಾಗಿಸಿ ಸಂಖ್ಯೆ ಕೊಟ್ಟಿತು. ಹಳೇ ಮೈಸೂರಿನ ಬಹುಭಾಗ 57ನೇ ಚೌಕದಲ್ಲಿದೆ. ಆ ಚೌಕವನ್ನು ಎ ಇಂದ ಪಿ ವರೆಗೆ ಹದಿನಾರು ತುಂಡು, ಪ್ರತಿ ತುಂಡನ್ನು ಮತ್ತೆ 1ರಿಂದ 16ರವರೆಗೆ ಹದಿನಾರು ತುಂಡು ಮಾಡಿದ್ದಾರೆ. ಎಣಿಕೆ ಮೇಲಿನಿಂದ ಕೆಳಕ್ಕೆ, ಆಮೇಲೆ ಪಕ್ಕದ ಸಾಲಿಗೆ. ಹೀಗೆ ಸಿಗುವ ಕೊನೆಯ ತುಂಡೇ ಇಂಚು ನಕ್ಷೆಯ ಒಂದು ಹಾಳೆ. ಬೆಂಗಳೂರಿನ ಪೇಟೆ 57 ಎಚ್/9ರಲ್ಲಿದೆ. 13 ಡಿಗ್ರಿ ಅಕ್ಷಾಂಶ ದಾಟಿದ ಯಲಹಂಕ 57 ಜಿ/12ರಲ್ಲಿದೆ. ಬೆಂಗಳೂರಿನವರು ಎರಡನ್ನೂ ತರಿಸಿಕೊಳ್ಳಲೇಬೇಕು. ಮೈಸೂರು ಮತ್ತು ಶ್ರೀರಂಗಪಟ್ಟಣ ಎರಡೂ 57 ಡಿ/11ರಲ್ಲಿ ಸಿಗುತ್ತವೆ.

ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರು ಎಲ್ಲಿ ಹುಡುಕಬೇಕು?

ಕನ್ನಡ ನಾಡು ಒಂದಾದದ್ದು 1956ರಲ್ಲಿ. ಅದಕ್ಕೆ ಮೊದಲು ಸರ್ವೆ ಮಾಡಿದವರು ಬೇರೆ ಬೇರೆ ಸರ್ಕಾರಗಳು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸಿಗೆ, ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬಯಿಗೆ, ಕಲಬುರಗಿ, ಬೀದರ, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಕೊಡಗು ಪ್ರತ್ಯೇಕ. ಹಾಗಾಗಿ ಹಳೇ ಕಂದಾಯ ಕಾಗದಗಳ ಭಾಷೆ, ಅಳತೆ, ಇಟ್ಟಿರುವ ಊರು ಎಲ್ಲವೂ ಬೇರೆ. ಹಳೇ ಮೈಸೂರಿನವರು ಎಕರೆ-ಗುಂಟೆ ಎಂದರೆ ಮಂಗಳೂರಿನವರು ಇಂದಿಗೂ ಸೆಂಟ್ಸ್ ಲೆಕ್ಕ ಹೇಳುವುದು ಇದೇ ಕಾರಣಕ್ಕೆ. ಸ್ಥಲಾಕೃತಿ ನಕ್ಷೆಗಳಿಗೆ ಮಾತ್ರ ಈ ತೊಡಕಿಲ್ಲ. ಅವು ಇಡೀ ದೇಶಕ್ಕೆ ಒಂದೇ ಕ್ರಮದಲ್ಲಿವೆ.

ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುವ ಒಂದು ಒಳ್ಳೆಯ ಸರಣಿಯೂ ಇದೆ. 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷೆ ವಿಭಾಗ 1:250,000 ಪ್ರಮಾಣದಲ್ಲಿ ಭಾರತದ ಹಾಳೆಗಳನ್ನು ಮುದ್ರಿಸಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ. ಇಳಿಸಿಕೊಂಡು ದೊಡ್ಡ ಕಾಗದದ ಮೇಲೆ ನೀವೇ ಮುದ್ರಿಸಿಕೊಳ್ಳಬಹುದು.

ಮರುಮುದ್ರಣ ಕೊಳ್ಳುವಾಗ ಏನು ನೋಡಬೇಕು?

ಅಂಚು. ಮೊಟ್ಟಮೊದಲು ಅಂಚು.

ನಾನು ಕೊಂಡ ಮೊದಲ ನಕ್ಷೆ ಚೌಕಟ್ಟಿಗೆ ಒಪ್ಪುವಂತೆ ಅಂಚು ಕತ್ತರಿಸಿದ್ದು. ನೋಡಲು ಬಲು ಸೊಗಸು. ಮನೆಗೆ ತಂದ ಮೇಲೆ ಅದು ಯಾವ ವರ್ಷದ ಸರ್ವೆ, ಎಷ್ಟು ಮೈಲಿಗೆ ಎಷ್ಟು ಇಂಚು, ಯಾವ ಗುರುತಿಗೆ ಏನರ್ಥ ಒಂದೂ ತಿಳಿಯದೆ ಎರಡು ತಿಂಗಳು ಒದ್ದಾಡಿದೆ. ನಕ್ಷೆಯ ಅರ್ಧ ಚರಿತ್ರೆ ಇರುವುದು ಅಂಚಿನ ಸಣ್ಣ ಅಕ್ಷರಗಳಲ್ಲಿ.

ಅಲ್ಲಿ ಎರಡು ಇಸವಿ ಹುಡುಕಿ: ಸರ್ವೆ ನಡೆದ ವರ್ಷ ಮತ್ತು ಅಚ್ಚಾದ ವರ್ಷ. ಇವೆರಡರ ನಡುವೆ ಎಷ್ಟೋ ವರ್ಷಗಳ ಅಂತರ ಇರಬಹುದು. ಕೆಲವೊಮ್ಮೆ ಹಳೇ ಸರ್ವೆಯ ಮೇಲೆ ಹೊಸ ರೈಲು ದಾರಿ ಮಾತ್ರ ಸೇರಿಸಿ ಮತ್ತೆ ಅಚ್ಚು ಹಾಕಿರುತ್ತಾರೆ. ಆಗ ರೈಲು ಒಂದು ಕಾಲದ್ದು, ಹಳ್ಳಿಗಳು ಇನ್ನೊಂದು ಕಾಲದವು.

ಎರಡನೆಯದು ಅಳತೆ ಪಟ್ಟಿ. ಮರುಮುದ್ರಣದಲ್ಲಿ ನಕ್ಷೆ ಹಿಗ್ಗಿರುತ್ತದೆ ಅಥವಾ ಕುಗ್ಗಿರುತ್ತದೆ. "ಒಂದು ಇಂಚಿಗೆ ಒಂದು ಮೈಲಿ" ಎಂಬ ಬರಹ ಆಗ ಸುಳ್ಳಾಗುತ್ತದೆ. ಗೀಟು ಎಳೆದು ತೋರಿಸಿದ ಅಳತೆ ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ಅದನ್ನೇ ನಂಬಿ.

ಹೆಸರುಗಳು ಗುರುತೇ ಸಿಗುತ್ತಿಲ್ಲ. ಏನು ಮಾಡಲಿ?

ಗಟ್ಟಿಯಾಗಿ ಓದಿ. ಸರ್ವೆಯವರು ಕಿವಿಗೆ ಬಿದ್ದದ್ದನ್ನು ಬರೆದುಕೊಂಡರು. ಊಸ್ಕೋಟ ಎಂದರೆ ಹೊಸಕೋಟೆ, ಚಿಟಲ್‌ಡ್ರೂಗ್ ಎಂದರೆ ಚಿತ್ರದುರ್ಗ, ಬೆಡ್ನೋರ್ ಎಂದರೆ ಬಿದನೂರು, ಅಂದರೆ ಇಂದಿನ ನಗರ.

ಇನ್ನು ಕೆಲವು ಹೆಸರು ಉಚ್ಚಾರದ ಎಡವಟ್ಟಲ್ಲ, ಬೇರೆಯದೇ ಹೆಸರು. ರಾಮನಗರ ಆಗ ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರದು. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು ಬರೆದಿದ್ದಾರೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರು. ಊರಿನವರ ಬಾಯಲ್ಲಿ ಅದು ಹಿರೋಡೆ. ಒಂದೇ ಊರಿಗೆ ಮೂರು ಹೆಸರು. ಮೂರನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ, ಹಳೇ ಕಾಗದಪತ್ರ ಹುಡುಕುವಾಗ ಮೂರೂ ಬೇಕಾಗುತ್ತವೆ.

ಶಾಸನಗಳ ಜೊತೆ ಇಟ್ಟು ನೋಡುವುದು ಇನ್ನೂ ಆಳದ ಕೆಲಸ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳೆಗವನ್ನು ಹೆಸರಿಸುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಹಿಂದಿನ ಮಾತು ಅದು. ನಿಮ್ಮ ತಾಲ್ಲೂಕಿನ ಶಾಸನಗಳಲ್ಲಿ ಬರುವ ಊರು, ಕೆರೆ, ತೂಬುಗಳ ಹೆಸರನ್ನು ಹಳೇ ನಕ್ಷೆಯಲ್ಲಿ ಹುಡುಕಿ. ಹೊಸ ನಕ್ಷೆಯಲ್ಲಿ ಕಾಣದ ಎಷ್ಟೋ ಹೆಸರು ಅಲ್ಲಿ ಇನ್ನೂ ಉಳಿದಿರುತ್ತವೆ.

ಬೆಂಗಳೂರು ಪೇಟೆಯಲ್ಲಿ 1791ರ ನಕ್ಷೆ ಹಿಡಿದು ನಡೆದರೆ ಏನು ಕಾಣುತ್ತದೆ?

ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 7ರಂದು ಪೇಟೆಯನ್ನೂ, ಅದೇ ತಿಂಗಳ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಆ ಮುತ್ತಿಗೆಯ ಸಲುವಾಗಿ ಬರೆದ ನಕ್ಷೆಗಳಲ್ಲಿ ಎರಡು ಆಕಾರ ಎದ್ದು ಕಾಣುತ್ತವೆ. ಉತ್ತರಕ್ಕೆ ಕಂದಕವೂ ಮುಳ್ಳುಬೇಲಿಯೂ ಸುತ್ತಿದ ಪೇಟೆ, ದಕ್ಷಿಣಕ್ಕೆ ಮೊಟ್ಟೆಯಾಕಾರದ ಕಲ್ಲಿನ ಕೋಟೆ.

ಕೋಟೆ ಬಹುಪಾಲು ಹೋಗಿದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರದ ದಿಲ್ಲಿ ಬಾಗಿಲು ಮತ್ತು ಸುತ್ತಲಿನ ತುಂಡು ಗೋಡೆ ಉಳಿದಿದೆ. ಆದರೆ ಪೇಟೆಯ ಬೀದಿಗಳು ಹೋಗಿಲ್ಲ! ಇದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುವ ಸಂಗತಿ. ಗೋಡೆ ಬಿತ್ತು, ಮನೆಗಳು ಹತ್ತು ಸಲ ಬದಲಾದವು, ಆಳಿದವರು ಬದಲಾದರು, ಬೀದಿಯ ಗೆರೆ ಮಾತ್ರ ಕದಲಲಿಲ್ಲ. ಉತ್ತರ-ದಕ್ಷಿಣವಾಗಿ ಹೋಗುವ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅದನ್ನು ಕತ್ತರಿಸಿ ಹೋಗುವುದು ಚಿಕ್ಕಪೇಟೆ. ಆ ಕೂಡುರಸ್ತೆಯಲ್ಲಿ ನಕ್ಷೆ ಬಿಡಿಸಿ ನಿಂತರೆ ದಿಕ್ಕು ತಪ್ಪುವುದೇ ಇಲ್ಲ. ಅಲ್ಲಿಂದ ಬಳೇಪೇಟೆ, ಅಕ್ಕಿಪೇಟೆ, ನಗರ್ತಪೇಟೆ, ತಿಗಳರಪೇಟೆ. ಯಾರು ವಾಸವಿದ್ದರು, ಏನು ಮಾರುತ್ತಿದ್ದರು ಎಂಬುದನ್ನು ಹೆಸರೇ ಹೇಳುತ್ತದೆ.

ಬಾಗಿಲುಗಳನ್ನು ಹುಡುಕುವುದು ಇನ್ನೊಂದು ಸುಖ. ಪೂರ್ವದ ಹಲಸೂರು ಬಾಗಿಲು ಹೋಗಿ ಎಷ್ಟೋ ಕಾಲವಾಯಿತು, ಹಲಸೂರು ಗೇಟ್ ಪೊಲೀಸ್ ಠಾಣೆ ಮಾತ್ರ ಆ ಹೆಸರನ್ನು ಹೊತ್ತು ನಿಂತಿದೆ. ಹಲಸೂರಿಗೆ ಹೋಗುವ ಬಾಗಿಲು ಹಲಸೂರಿನಿಂದ ಇಷ್ಟು ದೂರ ಯಾಕಿದೆ ಎಂದು ಕೇಳುವವರಿಗೆ ಈ ನಕ್ಷೆ ತೋರಿಸಿದರೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಬಾಗಿಲಿಗೆ ಹೆಸರು ಬಂದದ್ದು ದಾರಿ ಮುಟ್ಟುವ ಊರಿನಿಂದ.

ದಂಡು ಪ್ರದೇಶದ, ಅಂದರೆ ಬ್ರಿಟಿಷ್ ಸೈನ್ಯ ನೆಲೆಸಿದ್ದ ಕಂಟೋನ್ಮೆಂಟಿನ ಕಥೆ ಬೇರೆ. 1809ರಲ್ಲಿ ಶುರುವಾದ ಅದು 1881ರಿಂದ 1949ರಲ್ಲಿ ನಗರಪಾಲಿಕೆ ಒಂದಾಗುವವರೆಗೂ ಬಹುತೇಕ ಬೇರೆಯದೇ ಆಡಳಿತದಲ್ಲಿತ್ತು. ಬ್ರಿಟಿಷರು ತಮ್ಮ ಬಂಗಲೆ, ಚರ್ಚು, ಕವಾಯತು ಮೈದಾನಗಳನ್ನು ಬಿಡಿಬಿಡಿಯಾಗಿ ಬರೆದುಕೊಂಡರು, ಪಕ್ಕದ ಪೇಟೆಯನ್ನು ಎಷ್ಟೋ ನಕ್ಷೆಗಳಲ್ಲಿ ಬರಿ ಬಣ್ಣ ಬಳಿದು ಬಿಟ್ಟರು. ಆ ಖಾಲಿ ಬಣ್ಣದೊಳಗೆ ಸಾವಿರಾರು ಮನೆಗಳಿದ್ದವು ಎಂಬುದನ್ನು ನೋಡುವವರು ನೆನಪಿಟ್ಟುಕೊಳ್ಳಬೇಕು.

ಕಳೆದುಹೋದ ಕೆರೆಗಳನ್ನು ಹೀಗೆ ಪತ್ತೆಮಾಡಬಹುದೇ?

ಮಾಡಬಹುದು. ನನ್ನ ಮಟ್ಟಿಗೆ ಹಳೇ ನಕ್ಷೆಯ ದೊಡ್ಡ ಉಪಕಾರ ಇದೇ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿ, ಕಾವೇರಿಗೆ ಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ. ದೊಡ್ಡ ಹೊಳೆ ಹತ್ತಿರ ಇಲ್ಲದ್ದರಿಂದ ಹಿರಿಯರು ಪ್ರತಿ ತಗ್ಗಿಗೂ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಸರಪಳಿ ಹೆಣೆದರು. 1894ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಮೇಲಿನ ಕಣ್ಣು ತಪ್ಪಿತು.

ಹಳೇ ಹಾಳೆಯ ನೀಲಿಯ ಮೇಲೆ ಇಂದಿನ ಊರನ್ನು ಇಟ್ಟು ನೋಡಿ. ಧರ್ಮಾಂಬುಧಿಯ ಜಾಗದಲ್ಲಿ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ. ಸಿದ್ದಿಕಟ್ಟೆಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. ವಸಂತನಗರದಲ್ಲಿ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ ಇದೆ, ಟ್ಯಾಂಕ್ ಇಲ್ಲ.

ಸಂಪಂಗಿ ಕೆರೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ನಡುವೆ ಆ ನೀರು. ಅದರ ಆಸರೆಯಲ್ಲಿ ತೋಟ ಮಾಡಿಕೊಂಡಿದ್ದವರು ತಿಗಳರು. ಕೆರೆ ಹೋದರೂ ಕ್ರೀಡಾಂಗಣದ ಪಕ್ಕದಲ್ಲಿ ಸಣ್ಣದೊಂದು ಕೊಳವನ್ನು ಉಳಿಸಿದ್ದಾರೆ, ತಿಗಳರು ನಡೆಸುವ ಕರಗದ ಆಚರಣೆಗೆ ಅದು ಬೇಕು ಎಂಬ ಕಾರಣಕ್ಕೆ. ನಕ್ಷೆಯಿಂದ ಅಳಿಸಿಹೋದ ಕೆರೆಯನ್ನು ಒಂದು ಸಮುದಾಯ ಪ್ರತಿ ಚೈತ್ರದಲ್ಲೂ ನಡೆದು ನೆನಪಿಟ್ಟುಕೊಂಡಿದೆ.

ಮಳೆಗಾಲದಲ್ಲಿ ನಿಮ್ಮ ಬಡಾವಣೆಯ ಯಾವ ಅಡ್ಡರಸ್ತೆಯಲ್ಲಿ ನೀರು ನಿಲ್ಲುತ್ತದೆ ಎಂದು ಗುರುತು ಹಾಕಿ, ಹಳೇ ಹಾಳೆಯಲ್ಲಿ ಅಲ್ಲೇನಿತ್ತು ನೋಡಿ. ನಮ್ಮ ಮನೆ ಹಿಂದಿನ ರಸ್ತೆ ರಾಜಕಾಲುವೆಯ ಗೆರೆಯ ಮೇಲೇ ಇದೆ ಎಂದು ನಾನು ತಿಳಿದದ್ದು ಹೀಗೆ.

ಮೊಬೈಲ್ ನಕ್ಷೆಯ ಮೇಲೆ ಹಳೇ ನಕ್ಷೆಯನ್ನು ಹೊಂದಿಸುವುದು ಹೇಗೆ?

ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಕ್ಯಾನ್ ಮಾಡಿದ ಹಾಳೆಯನ್ನು ತೆರೆದು, ಎರಡೂ ನಕ್ಷೆಗಳಲ್ಲಿ ಇರುವ ಜಾಗಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋಗಬೇಕು. ಹಳೇ ದೇವಸ್ಥಾನ, ಬೆಟ್ಟದ ನೆತ್ತಿ, ಕೆರೆ ಏರಿಯ ತುದಿ, ರೈಲು ದಾರಿಯ ಕೂಡು ಇವು ಒಳ್ಳೆಯ ಗುರುತುಗಳು. ನೀರಿನ ಅಂಚು ಬೇಡ, ಅದು ಋತುವಿಗೊಂದು ಥರ. ಎಂಟು ಹತ್ತು ಗುರುತುಗಳನ್ನು ಹಾಳೆಯ ನಾಲ್ಕೂ ಮೂಲೆಗೆ ಹರಡಿ ಹಾಕಿ.

ಅಂಚಿನಲ್ಲಿರುವ ರೇಖಾಂಶ ನಂಬಿ ಹೊಂದಿಸುವವರು ಒಂದು ತೊಡಕಿಗೆ ಸಿಕ್ಕಿಬೀಳುತ್ತಾರೆ. ಹಳೆಯ ಹಾಳೆಗಳಲ್ಲಿ ಮದರಾಸಿನ ವೀಕ್ಷಣಾಲಯದ ರೇಖಾಂಶವನ್ನು ಆಧಾರವಾಗಿ ಹಿಡಿದಿದ್ದರು, ಆ ರೇಖಾಂಶದ ಲೆಕ್ಕದಲ್ಲೇ ಸಣ್ಣ ತಪ್ಪಿತ್ತು. ಅಂಥ ಹಾಳೆಯ ರೇಖಾಂಶದಿಂದ 2 ಮಿನಿಟು 27 ಸೆಕೆಂಡು ಕಳೆಯಬೇಕು. ಕಳೆಯದಿದ್ದರೆ ಬೆಂಗಳೂರಿನ ಅಕ್ಷಾಂಶದಲ್ಲಿ ನಿಮ್ಮೂರು ಸುಮಾರು ನಾಲ್ಕೂವರೆ ಕಿಲೋಮೀಟರ್ ಪೂರ್ವಕ್ಕೆ ಸರಿದು ಕೂರುತ್ತದೆ. ಎಷ್ಟೋ ಹಾಳೆಗಳ ಅಂಚಿನಲ್ಲೇ ಈ ತಿದ್ದುಪಡಿಯ ಸೂಚನೆ ಇರುತ್ತದೆ. ಮೊಟ್ಟಮೊದಲು ಅಂಚು ನೋಡಿ ಎಂದದ್ದು ಇದಕ್ಕೂ.

ಕಂಪ್ಯೂಟರ್ ಒಗ್ಗದವರು ಹೊಸ ನಕ್ಷೆಯನ್ನು ಅದೇ ಅಳತೆಗೆ ಮುದ್ರಿಸಿ, ಟ್ರೇಸಿಂಗ್ ಹಾಳೆಯ ಮೇಲೆ ಹಳೆಯದನ್ನು ಬರೆದು ಮೇಲಿಟ್ಟರೂ ಕೆಲಸ ಆಗುತ್ತದೆ. ಕೈಯಲ್ಲಿ ಗೆರೆ ಎಳೆದವರಿಗೆ ಊರು ಇನ್ನೂ ಚೆನ್ನಾಗಿ ಬಾಯಿಪಾಠವಾಗುತ್ತದೆ.

ಗ್ರಾಮ ನಕ್ಷೆಯಲ್ಲಿ ಬರೀ ಸರ್ವೆ ನಂಬರುಗಳಿವೆ. ಅದರಲ್ಲಿ ಚರಿತ್ರೆ ಎಲ್ಲಿದೆ?

ಮೈಸೂರಿನ ಕಂದಾಯ ಸರ್ವೆ 1863ರಲ್ಲಿ, ಮೈಸೂರನ್ನು ಆಗ ಆಳುತ್ತಿದ್ದ ಬ್ರಿಟಿಷ್ ಕಮಿಷನರ್ ಬೌರಿಂಗ್ ಕಾಲದಲ್ಲಿ, ಮುಂಬಯಿ ಪದ್ಧತಿಯಂತೆ ಶುರುವಾಯಿತು. ಅಳತೆಗೆ 33 ಅಡಿಯ ಸರಪಳಿ. ಆ ಸರಪಳಿ ಉದ್ದ, ಅದೇ ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ನಿವೇಶನ ಕೊಳ್ಳುವಾಗ ಇಂದಿಗೂ ಆಡುವ ಗುಂಟೆಯ ಮಾತಿನ ಹಿಂದೆ ಹೊಲದಲ್ಲಿ ಸರಪಳಿ ಎಳೆದವರ ಕೈಗಳಿವೆ.

ಗ್ರಾಮ ನಕ್ಷೆಗಳನ್ನು ಭೂಮಾಪನ ಇಲಾಖೆ ತನ್ನ ಜಾಲತಾಣದಲ್ಲಿ ಹಾಕಿದೆ. ಮುದ್ರಿಸಿಕೊಂಡು ಮೊದಲು ಗ್ರಾಮಠಾಣ, ಅಂದರೆ ಊರಿನ ಮನೆಗಳಿರುವ ಜಾಗ, ಗುರುತಿಸಿ. ಆಮೇಲೆ ಬಂಡಿ ದಾರಿ, ಕಾಲುದಾರಿಗಳ ಚುಕ್ಕಿ ಗೆರೆಗಳನ್ನು ಬಣ್ಣದ ಪೆನ್ಸಿಲ್‌ನಿಂದ ತಿದ್ದಿ. ಅವು ಯಾವ ಪಕ್ಕದ ಊರಿಗೆ ಹೋಗುತ್ತವೆ ಎಂದು ನೋಡಿದರೆ ಸಂತೆ ಎಲ್ಲಿತ್ತು, ಹೆಣ್ಣು ಕೊಟ್ಟು ತರುವ ಬಳಕೆ ಯಾವ ಊರಿನೊಂದಿಗಿತ್ತು ಎಂದು ಊಹಿಸಬಹುದು. ಊರ ಹಿರಿಯರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಗುಂಡುತೋಪು, ಗೋಮಾಳ, ಸ್ಮಶಾನ, ಕಟ್ಟೆಗಳನ್ನೂ ಬಿಡಬೇಡಿ.

ಪಟ್ಟಿಯಲ್ಲಿ "ಬೇಚಿರಾಕ್" ಎಂದು ಬರೆದ ಗ್ರಾಮ ಸಿಕ್ಕರೆ ನಿಮ್ಮ ಅದೃಷ್ಟ. ದೀಪ ಹಚ್ಚುವವರಿಲ್ಲದ ಊರು ಎಂದು ಆ ಪದದ ಅರ್ಥ. ಗಡಿ ಇದೆ, ಸರ್ವೆ ನಂಬರುಗಳಿವೆ, ಮನೆ ಒಂದೂ ಇಲ್ಲ. ರೋಗ, ಬರ, ದಂಡಯಾತ್ರೆ ಏನು ಕಾರಣವೋ ಊರು ಎದ್ದು ಹೋಗಿರುತ್ತದೆ. ಅಂಥ ಕಡೆ ಹೋದಾಗ ಹೊಲದ ನಡುವೆ ಒಂಟಿ ಗುಡಿ, ಒಡೆದ ಮಡಕೆಯ ಚೂರು, ಹಾಳು ಬಾವಿ ಸಿಗುತ್ತವೆ. ಸಿಕ್ಕದ್ದನ್ನು ಅಲ್ಲೇ ಬಿಟ್ಟು ಫೋಟೋ ಮಾತ್ರ ತೆಗೆದುಕೊಂಡು ಬನ್ನಿ.

ಅಣೆಕಟ್ಟಿನಲ್ಲಿ ಮುಳುಗಿದ ಊರನ್ನು ನೋಡಬಹುದೇ?

ನೋಡಬಹುದು. ಅಣೆಕಟ್ಟು ಕಟ್ಟುವುದಕ್ಕೆ ಮೊದಲು ಸರ್ವೆಯಾದ ಹಾಳೆ ಸಿಗಬೇಕಷ್ಟೆ. ಕೃಷ್ಣರಾಜಸಾಗರದಡಿ ಹಳೇ ಕನ್ನಂಬಾಡಿ, ತುಂಗಭದ್ರೆಯಡಿ ನಾರಾಯಣದೇವರಕೆರೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಭಾಗಗಳು. ಶರಾವತಿಯ ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಅದರ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತದೆ.

ಶರಾವತಿ ಮುಳುಗಡೆಯಿಂದ ಎದ್ದು ಬಂದ ಅಜ್ಜಿಯೊಬ್ಬರ ಮುಂದೆ ಒಮ್ಮೆ ಹಳೇ ಹಾಳೆ ಬಿಡಿಸಿದ್ದೆ. ಓದು ಬಾರದವರು. ಹೊಳೆಯ ತಿರುವಿನ ಮೇಲೆ ಬೆರಳು ಓಡಿಸುತ್ತ, "ಇಲ್ಲಿ ದೋಣಿ ಕಟ್ತಿದ್ರು ಮಗಾ, ದಿಬ್ಬ ಹತ್ತಿದ್ರೆ ನಮ್ಮ ತೋಟ" ಎಂದರು. ಅವರ ಬೆರಳು ನಿಂತ ಕಡೆ ನಕ್ಷೆಯಲ್ಲಿ ದೋಣಿ ದಾಟುವ ಗುರುತಿತ್ತು. ಆ ಹಾಳೆಯನ್ನು ಅವರಿಗೇ ಕೊಟ್ಟು ಬಂದೆ.

ನಕ್ಷೆ ಹೇಳಿದ್ದೆಲ್ಲ ನಿಜವೇ?

ಇಲ್ಲ. ಸೇನಾ ನಕ್ಷೆಗೆ ಬೇಕಾದದ್ದು ಫಿರಂಗಿ ಸಾಗುವ ದಾರಿ, ನೀರು ಮತ್ತು ಎತ್ತರ. ಕಂದಾಯ ನಕ್ಷೆಗೆ ಬೇಕಾದದ್ದು ಸುಂಕ ಬರುವ ನೆಲ, ಉಳಿದದ್ದು ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಯಾರು ಯಾವ ಬಾವಿಯ ನೀರು ಮುಟ್ಟಬಹುದಿತ್ತು, ಯಾವ ಕೇರಿಯವರು ಯಾವ ಬೀದಿಯಲ್ಲಿ ನಡೆಯುವಂತಿರಲಿಲ್ಲ ಎಂಬುದನ್ನು ಯಾವ ಸರ್ವೆಯವನೂ ಬರೆಯಲಿಲ್ಲ. ಊರಿನ ಆ ಚರಿತ್ರೆ ಬೇಕಾದರೆ ಕೇರಿಗೆ ಹೋಗಿ ಕೂತು ಕೇಳಬೇಕು. ನಕ್ಷೆಯಲ್ಲಿ ಇಲ್ಲದ್ದನ್ನು ಅವರ ಬಾಯಿಂದ ಕೇಳಿ, ಅವರ ಒಪ್ಪಿಗೆ ಪಡೆದು ಗುರುತು ಹಾಕಿ.

ಮರುಮುದ್ರಣ ತೋರಿಸಿ ಜಮೀನಿನ ಹಕ್ಕು ಕೇಳಬಹುದೇ?

ಬೇಡ. ಸ್ಥಲಾಕೃತಿ ನಕ್ಷೆ ಒಡೆತನ ತೋರಿಸುವುದಿಲ್ಲ, ಅಂಗಡಿಯಲ್ಲಿ ಕೊಂಡ ಹಾಳೆ ದಾಖಲೆಯೂ ಅಲ್ಲ. ಸರ್ವೆ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ, ಗಡಿಯ ತಕರಾರಿದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ. ಕೆರೆ, ಕಾಲುವೆ ಒತ್ತುವರಿಯ ಬಗ್ಗೆ ದೂರು ಕೊಡುವವರೂ ಇದೇ ದಾರಿ ಹಿಡಿಯಬೇಕು.

ಮೊದಲ ಸಲ ನಡೆಯಲು ಹೊರಡುವಾಗ ಏನೇನು ಒಯ್ಯಲಿ?

ಇಡೀ ಹಾಳೆ ಮನೆಯಲ್ಲಿರಲಿ. ನಡೆಯುವ ಎರಡು ಮೂರು ಚದರ ಮೈಲಿಯನ್ನು ಮಾತ್ರ ಎರಡರಷ್ಟು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ. ಮೆದು ಪೆನ್ಸಿಲ್, ಅಡಿಗೆ ಗಟ್ಟಿ ರಟ್ಟು, ನೀರು. ಎತ್ತರಗಳು ಅಡಿಯಲ್ಲಿರುತ್ತವೆ, 3,000 ಅಡಿ ಎಂದರೆ ಸುಮಾರು 914 ಮೀಟರ್. ಹಳೇ ಸರ್ಕಾರಿ ಕಟ್ಟಡಗಳ ಮೆಟ್ಟಿಲ ಬಳಿ ಜಿ.ಟಿ.ಎಸ್. ಬಿ.ಎಂ. (ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ಬೆಂಚ್ ಮಾರ್ಕ್) ಎಂದು ಕೆತ್ತಿದ ಕಲ್ಲು ಸಿಕ್ಕೀತು, ಕಣ್ಣಿಟ್ಟಿರಿ. ಎತ್ತರ ಅಳೆಯಲು ಸರ್ವೆಯವರು ನೆಟ್ಟ ಗುರುತು ಅದು.

ಬೆಳಗ್ಗೆ ಆರೂವರೆಗೆ ಹೊರಟರೆ ಒಳ್ಳೆಯದು. ಅಂಗಡಿ ತೆರೆಯುವ ಮೊದಲು ಬೀದಿಯ ಗೆರೆ ನಿಚ್ಚಳವಾಗಿ ಕಾಣುತ್ತದೆ, ಜಗಲಿಯ ಮೇಲೆ ಪೇಪರ್ ಓದುತ್ತ ಕೂತ ಹಿರಿಯರಿಗೆ ಮಾತಾಡಲು ಪುರುಸೊತ್ತಿರುತ್ತದೆ.